ಯಾತ್ರೆಯ ದಾರಿಯಲ್ಲಿ ಶಿಲ್ಪದರ್ಶನ: ಕಳವಾರದ ಆಸುಪಾಸಿನ ಕಲ್ಲುಗಳು

ಚಿಕ್ಕಬಳ್ಳಾಪುರಕ್ಕೆ ಸಮೀಪದ ಕಳವಾರ ಗ್ರಾಮದ ಹೆಸರು ಇಂದು ದೂರದೂರಿನ ತರುಣರಿಗೂ ಪರಿಚಿತವಾಗಿದೆ. ಕಳವಾರ ದುರ್ಗವೆಂದೂ ಸ್ಕಂದಗಿರಿಯೆಂದೂ ಹೆಸರಾದ ಬೆಟ್ಟವನ್ನು ನಸುಕಿಗೆ ಮುನ್ನವೇ ಏರಿ, ಮೋಡಗಳ ಮೇಲೆ ಮೂಡುವ ಸೂರ್ಯನನ್ನು ಕಂಡು, ಬಿಸಿಲೇರುವ ಮೊದಲೇ ಬೆಂಗಳೂರಿನ ಹೆದ್ದಾರಿ ಹಿಡಿಯುವವರು ಬಹುಮಂದಿ. ಬೆಟ್ಟ ಹತ್ತುವುದು ಒಳ್ಳೆಯದೇ. ಆದರೆ ಹೀಗೆ ಬಂದು ಹೀಗೆ ಹೋಗುವವರು ಸಾವಿರದ ಇನ್ನೂರು ವರ್ಷಗಳ ಹಿಂದಿನ ಶಿಲ್ಪಗಳನ್ನು, ಅವು ಅಲ್ಲಿವೆಯೆಂಬ ಅರಿವೂ ಇಲ್ಲದೆ ದಾಟಿ ಹೋಗುತ್ತಾರೆ. ಸ್ಥಳೀಯರಾದ ನಾವು ಅವುಗಳನ್ನು ನಿತ್ಯ ಕಂಡೂ ಕಾಣದಂತಿರುತ್ತೇವೆ. ಯಾವುದು ಹೆಚ್ಚಿನ ನಷ್ಟ ಎಂದು ಹೇಳುವುದು ಕಷ್ಟ.

ಯಾತ್ರೆಗೆ, ನೆಂಟರ ಮನೆಗೆ, ಮಕ್ಕಳ ಶಾಲಾ ಪ್ರವಾಸಕ್ಕೆ ಹೊರಡುವ ಭಕ್ತಾದಿಗಳಿಗೆ ದಾರಿಯಲ್ಲಿ ಸಿಗುವ ಶಿಲ್ಪಗಳನ್ನು ನೋಡುವ ಬಗೆಯನ್ನು ಕುರಿತು ಕೆಲವು ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಇಷ್ಟಲಿಂಗಧಾರಿಗಳಾದ ನಮಗೆ ಗುಡಿಯ ಶಿಲ್ಪಗಳ ಗೊಡವೆ ಏಕೆ ಎಂದು ಕೇಳುವ ಹಿರಿಯರೂ ಉಂಟು. ಪೂಜೆ ಬೇರೆ, ನೋಟ ಬೇರೆ. ಹೆಸರು ತಿಳಿಯದ ಒಬ್ಬ ಕಲ್ಲುಕುಟಿಗನು ಗಟ್ಟಿ ಕಲ್ಲಿನ ಮೇಲೆ ವರ್ಷಗಟ್ಟಲೆ ಉಳಿ ಹಿಡಿದು ನಡೆಸಿದ ಕೆಲಸವನ್ನು ನಿಂತು ನೋಡುವುದು ಅವನ ಕಾಯಕಕ್ಕೆ ಸಲ್ಲಿಸುವ ಗೌರವ. ಕಾಯಕವನ್ನು ಎತ್ತಿ ಹಿಡಿದ ಪರಂಪರೆಯವರಿಗೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕಿಲ್ಲವೆಂದು ಭಾವಿಸುತ್ತೇನೆ.

ನಂದಿ ಗ್ರಾಮದ ಭೋಗನಂದೀಶ್ವರ

ಆರಂಭಿಸಲು ನಂದಿ ಬೆಟ್ಟದ ಬುಡದಲ್ಲಿರುವ ನಂದಿ ಗ್ರಾಮಕ್ಕಿಂತ ತಕ್ಕ ಸ್ಥಳ ಈ ಜಿಲ್ಲೆಯಲ್ಲಿಲ್ಲ. ಇಲ್ಲಿನ ಭೋಗನಂದೀಶ್ವರ ದೇವಾಲಯ ಸಮುಚ್ಚಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಇದನ್ನು ಕುರಿತ ಅತ್ಯಂತ ಹಳೆಯ ದಾಖಲೆ ನೊಳಂಬರ ಕಾಲದ್ದು, ಸುಮಾರು ಕ್ರಿ.ಶ. 806ರದು. ಬಾಣ ಅರಸ ವಿದ್ಯಾಧರನ ರಾಣಿ ರತ್ನಾವಳಿಯ ಹೆಸರನ್ನು ಹೇಳುವ, ಸುಮಾರು 810ರ ತಾಮ್ರಶಾಸನವೂ ಇದೆ. ಅನಂತರ ಗಂಗರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಈ ನೆಲವನ್ನು ಆಳಿದರು. ಒಬ್ಬೊಬ್ಬರ ಕಾಲದಲ್ಲಿ ಒಂದೊಂದು ಭಾಗ ಸೇರುತ್ತ ಬಂದಿತು. ಹೀಗಾಗಿ ಒಂದೇ ಪ್ರಾಕಾರದೊಳಗೆ ಕರ್ನಾಟಕದ ಶಿಲ್ಪಕಲೆಯ ಏಳೆಂಟು ಶತಮಾನಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬರಬಹುದು.

ದಕ್ಷಿಣದ ಬದಿಗೆ ಅರುಣಾಚಲೇಶ್ವರ, ಉತ್ತರದ ಬದಿಗೆ ಭೋಗನಂದೀಶ್ವರ, ಎರಡರ ನಡುವೆ ಚಿಕ್ಕದಾದ ಉಮಾಮಹೇಶ್ವರ ಗುಡಿ. ಸ್ಥಳದ ನಂಬಿಕೆಯಂತೆ ಅರುಣಾಚಲೇಶ್ವರನು ಶಿವನ ಬಾಲ್ಯ, ಭೋಗನಂದೀಶ್ವರನು ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನು ವೈರಾಗ್ಯ. ಬೆಟ್ಟದ ಮೇಲಿನ ಗುಡಿಯು ಅಲಂಕಾರ ಕಡಿಮೆಯಾಗಿ ಗಂಭೀರವಾಗಿರುವುದನ್ನೂ, ಕೆಳಗಿನದು ಶಿಲ್ಪಸಮೃದ್ಧವಾಗಿರುವುದನ್ನೂ ಕಂಡಾಗ ಈ ನಂಬಿಕೆಗೆ ಕಣ್ಣಿನ ಸಾಕ್ಷಿಯೂ ದೊರೆಯುತ್ತದೆ.

ಬಹುತೇಕ ಯಾತ್ರಿಕರು ನೇರವಾಗಿ ಒಳಗೆ ನಡೆದು, ದರ್ಶನ ಪಡೆದು, ಹೊರಗೆ ಬಂದು, ಕಲ್ಯಾಣಿಯ ಮುಂದೆ ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಇಲ್ಲಿ ಮೊದಲು ಹೊರಗೋಡೆಗಳನ್ನು ಸುತ್ತಬೇಕು. ಆ ಗೋಡೆಗಳಲ್ಲಿ ಕಲ್ಲಿನಲ್ಲೇ ಕೊರೆದ ಜಾಲಂಧ್ರಗಳು, ಅಂದರೆ ಗಾಳಿ ಬೆಳಕಿಗಾಗಿ ಬಿಟ್ಟ ಕಿಂಡಿಗಳು ಇವೆ. ಒಂದರಲ್ಲಿ ಶಿವನು ನರ್ತಿಸುತ್ತಾನೆ; ಇನ್ನೊಂದರಲ್ಲಿ ದುರ್ಗೆಯು ಮಹಿಷನ ತಲೆಯ ಮೇಲೆ ನಿಂತಿದ್ದಾಳೆ. ಬರಿದೇ ಜಾಲರಿ ಕೊರೆದಿದ್ದರೂ ಗಾಳಿ ಬರುತ್ತಿತ್ತು. ಶಿಲ್ಪಿಗೆ ಅಷ್ಟು ಸಾಲದಾಯಿತು. ಮೂರ್ತಿಯ ಸುತ್ತಲಿನ ಕಲ್ಲನ್ನು ಆರಪಾರವಾಗಿ ತೆಗೆದು, ಮೂರ್ತಿಯೇ ಕಿಂಡಿಯ ಚೌಕಟ್ಟಿಗೆ ಆಧಾರವಾಗುವಂತೆ ಮಾಡಿದ್ದಾನೆ. ಕೈಯೊಂದು ಎತ್ತಿದ್ದರೆ ಅದು ಮೇಲಿನ ಅಂಚನ್ನು ಮುಟ್ಟಬೇಕು, ಕಾಲೊಂದು ಮಡಿಸಿದ್ದರೆ ಅದು ಪಕ್ಕದ ಬಳ್ಳಿಗೆ ತಾಗಬೇಕು. ಇಲ್ಲವಾದರೆ ಕಲ್ಲು ನಿಲ್ಲದು. ಆ ಕಟ್ಟುಪಾಡಿನೊಳಗೇ ನರ್ತನದ ಲಯವೂ ಬರಬೇಕು. ಹೊರಗಿನಿಂದ ಒಮ್ಮೆ ನೋಡಿ, ಬಳಿಕ ಒಳಗೆ ಹೋಗಿ ಅದೇ ಕಿಂಡಿಯನ್ನು ಬೆಳಕಿಗೆ ಎದುರಾಗಿ ನೋಡಿರಿ. ಒಳಗಿನಿಂದ ಕಾಣುವುದು ಮೂರ್ತಿಯ ನೆರಳುರೂಪ ಮಾತ್ರ.

ಉಮಾಮಹೇಶ್ವರ ಗುಡಿಯ ಮುಂದಿನ ಕಲ್ಯಾಣ ಮಂಟಪದಲ್ಲಿ ಕರಿಯ ಕಲ್ಲಿನ ನಾಲ್ಕು ಕಂಬಗಳಿವೆ. ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ ಎಂಬ ನಾಲ್ಕು ದಂಪತಿಗಳು ಅಲ್ಲಿದ್ದಾರೆ. ವಿವಾಹಕ್ಕೆ ಸಾಕ್ಷಿಯಾಗುವ ಅಗ್ನಿಯನ್ನು ಅವನ ಪತ್ನಿಯೊಡನೆ ಕಂಬದ ಮೇಲೆ ನಿಲ್ಲಿಸಿದ ಕಲ್ಪನೆ ಸೊಗಸಾದುದು. ಬಳ್ಳಿಗಳ ಸುರುಳಿ, ಗಿಳಿಗಳು, ಆಭರಣಗಳ ಎಳೆ ಎಲ್ಲವೂ ಇಲ್ಲಿ ಬಹು ಸೂಕ್ಷ್ಮ. ಪಕ್ಕದ ಅರುಣಾಚಲೇಶ್ವರ, ಭೋಗನಂದೀಶ್ವರಗಳ ಹಳೆಯ ಕೆಲಸದ ಮುಂದೆ ಇದನ್ನಿಟ್ಟು ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಹಳೆಯ ಶಿಲ್ಪಿ ದೇಹದ ನಿಲುವಿನಲ್ಲಿ ಮಾತಾಡುತ್ತಾನೆ. ಮಂಟಪದ ಶಿಲ್ಪಿ ಅಲಂಕಾರದಲ್ಲಿ. ನನ್ನ ಒಲವು ಹಳೆಯವನ ಕಡೆಗೆ. ಆದರೆ ಮದುವೆಯ ಮಂಟಪಕ್ಕೆ ಅಲಂಕಾರ ತಕ್ಕುದಲ್ಲವೆಂದು ಯಾರೂ ಹೇಳಲಾರರು.

ಅರುಣಾಚಲೇಶ್ವರದಲ್ಲಿ ಸಿಂಹಮುಖದ ಗಣಪತಿಯಿದೆ. ಉಗ್ರ ಗಣಪತಿಯೆಂದು ಕರೆಯುತ್ತಾರೆ. ಭೋಗನಂದೀಶ್ವರದಲ್ಲಿ ರಾಜೇಂದ್ರ ಚೋಳನದೆಂದು ಹೇಳಲಾಗುವ ಮೂರ್ತಿಯಿದೆ. ಶೃಂಗಿತೀರ್ಥವೆಂಬ ಕಲ್ಯಾಣಿಯ ಮೆಟ್ಟಿಲುಗಳ ಜೋಡಣೆಯೂ ಶಿಲ್ಪವೇ ಸರಿ. ಮೇಲಿನ ಹಂತದಲ್ಲಿ ಕುಳಿತು ಕೆಳಗಿಳಿಯುವ ಗೆರೆಗಳನ್ನು ನೋಡಿರಿ.

ಕಲ್ಲಿನ ಗುಣ, ಬೆಳಕಿನ ಹೊತ್ತು

ನಮ್ಮ ಕಡೆಯವರು ಬೇಲೂರು ಹಳೆಬೀಡುಗಳನ್ನು ನೋಡಿ ಬಂದ ಮೇಲೆ ನಮ್ಮೂರ ಗುಡಿಗಳು ಒರಟು ಎನ್ನುವುದುಂಟು. ಇದು ಕಲ್ಲನ್ನು ಗಮನಿಸದೆ ಆಡುವ ಮಾತು. ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೃದುವಾಗಿದ್ದು, ಗಾಳಿ ಬಿಸಿಲಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಮದನಿಕೆಯ ಬಳೆಯನ್ನು ತೋಳಿನಿಂದ ಬಿಡಿಸಿ ಕೊರೆಯುವುದು ಅದರಲ್ಲಿ ಸಾಧ್ಯ. ಐಹೊಳೆ, ಬಾದಾಮಿಗಳದು ಮರಳುಗಲ್ಲು. ಚಿಕ್ಕಬಳ್ಳಾಪುರ, ಕೋಲಾರ ಸೀಮೆಯದು ಗ್ರಾನೈಟ್. ಉಳಿಗೆ ಸುಲಭವಾಗಿ ಬಗ್ಗದ ಕಲ್ಲು, ಕಣಕಣವಾಗಿ ಸಿಡಿಯುವ ಕಲ್ಲು. ಇದರಲ್ಲಿ ಒಂದು ಗೇಣು ಬಳ್ಳಿ ಬಿಡಿಸುವುದಕ್ಕೆ ಬಳಪದ ಕಲ್ಲಿನಲ್ಲಿ ಅದನ್ನೇ ಬಿಡಿಸುವುದಕ್ಕಿಂತ ಬಹುಪಾಲು ಹೆಚ್ಚು ದುಡಿಮೆ ಬೇಕು. ಆದ್ದರಿಂದ ಗ್ರಾನೈಟಿನ ಶಿಲ್ಪದಲ್ಲಿ ವಿವರವನ್ನು ಹುಡುಕುವ ಬದಲು ತೂಕವನ್ನೂ, ದುಂಡನ್ನೂ, ನಿಲುವನ್ನೂ ನೋಡಬೇಕು.

ಇಂತಹ ತೆಳು ಉಬ್ಬಿನ ಶಿಲ್ಪಗಳಿಗೆ ನಡುಹಗಲು ಶತ್ರು. ನೆತ್ತಿಯ ಬಿಸಿಲಿನಲ್ಲಿ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಸಣ್ಣ ಉಬ್ಬಿಗೂ ನೆರಳು ಹುಟ್ಟಿ, ಮೂಗು, ತುಟಿ, ಆಯುಧಗಳು ಎದ್ದು ನಿಲ್ಲುತ್ತವೆ. ಪೂರ್ವಾಭಿಮುಖವಾದ ಗುಡಿಯ ಮುಂಭಾಗವನ್ನು ಬೆಳಿಗ್ಗೆ, ಹಿಂಭಾಗವನ್ನು ಸಂಜೆ ನೋಡಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ನಸುಕಿನಲ್ಲಿ ಕಳವಾರದ ಬೆಟ್ಟದಿಂದ ಇಳಿದವರು ನೇರವಾಗಿ ನಂದಿ ಗ್ರಾಮಕ್ಕೆ ಬಂದರೆ ಸಕಾಲಕ್ಕೇ ತಲುಪುತ್ತಾರೆ.

ಇನ್ನೊಂದು ಮಾತು. ತಲೆಯೆತ್ತಿ ಛಾವಣಿಯನ್ನು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಹಳೆಯ ಗುಡಿಗಳ ನವರಂಗದ ಛಾವಣಿಯಲ್ಲಿ ಒಂಬತ್ತು ಅಂಕಣಗಳಿದ್ದರೆ ಸಾಮಾನ್ಯವಾಗಿ ನಡುವೆ ಶಿವನೂ ಸುತ್ತ ಎಂಟು ದಿಕ್ಕುಗಳ ಒಡೆಯರೂ ಇರುತ್ತಾರೆ. ವಾಹನವೊಂದನ್ನು ಗುರುತಿಸಿದರೆ ಮೂರ್ತಿಯೂ ದಿಕ್ಕೂ ಗೊತ್ತಾಗುತ್ತವೆ. ಆನೆಯ ಮೇಲೆ ಪೂರ್ವದ ಇಂದ್ರ, ಟಗರಿನ ಮೇಲೆ ಆಗ್ನೇಯದ ಅಗ್ನಿ, ಕೋಣನ ಮೇಲೆ ದಕ್ಷಿಣದ ಯಮ, ಮನುಷ್ಯನ ಮೇಲೆ ನೈಋತ್ಯದ ನಿರೃತಿ, ಮಕರದ ಮೇಲೆ ಪಶ್ಚಿಮದ ವರುಣ, ಜಿಂಕೆಯ ಮೇಲೆ ವಾಯವ್ಯದ ವಾಯು, ಕುದುರೆಯ ಮೇಲೆ ಉತ್ತರದ ಕುಬೇರ, ವೃಷಭದ ಮೇಲೆ ಈಶಾನ್ಯದ ಈಶಾನ. ಮಕ್ಕಳಿಗೆ ಇದನ್ನು ಹೇಳಿಕೊಟ್ಟು ಗುಡಿಯೊಳಗೆ ಬಿಟ್ಟರೆ ಅವರು ನಮಗಿಂತ ಮೊದಲೇ ಎಂಟನ್ನೂ ಹುಡುಕಿ ತೋರಿಸುತ್ತಾರೆ. ನೊಳಂಬರ ಕಾಲದ ಇಂತಹ ಛಾವಣಿಗಳಲ್ಲಿ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯದು ಹೆಸರುವಾಸಿ. ಅರಸೀಕೆರೆ ಕಡೆಗೆ ಹೋಗುವವರು ಅದಕ್ಕಾಗಿ ಅರ್ಧ ದಿನ ಇಟ್ಟುಕೊಂಡರೂ ವ್ಯರ್ಥವಾಗದು.

ಗಡಿಯಾಚೆ: ಲೇಪಾಕ್ಷಿ, ಹೇಮಾವತಿ

ಗೌರಿಬಿದನೂರಿನಿಂದ ಹಿಂದೂಪುರ, ಅಲ್ಲಿಂದ ಸುಮಾರು 15 ಕಿ.ಮೀ. ದೂರದಲ್ಲಿ ಲೇಪಾಕ್ಷಿ. ಇಂದು ಆಂಧ್ರಪ್ರದೇಶಕ್ಕೆ ಸೇರಿದ್ದರೂ ಅಲ್ಲಿ ಕನ್ನಡ ಶಾಸನಗಳಿವೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಸುಮಾರು 1530ರ ಹೊತ್ತಿಗೆ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ವೀರಭದ್ರನ ಈ ದೇವಾಲಯವನ್ನು ವಿಸ್ತರಿಸಿ ಕಟ್ಟಿಸಿದರು. ಊರಿನ ಪ್ರವೇಶದಲ್ಲೇ ಸುಮಾರು 20 ಅಡಿ ಎತ್ತರ, 30 ಅಡಿ ಉದ್ದದ ಏಕಶಿಲಾ ನಂದಿಯಿದೆ. ಕೊರಳ ಗಂಟೆಯ ಹಗ್ಗದ ಹುರಿಯನ್ನು ಹತ್ತಿರದಿಂದ ನೋಡಿದ ಮೇಲೆ ಗ್ರಾನೈಟಿನಲ್ಲಿ ಸೂಕ್ಷ್ಮ ಕೆಲಸ ಬಾರದೆಂಬ ನನ್ನ ಮೇಲಿನ ಮಾತಿಗೆ ಅಪವಾದವೂ ಸಿಕ್ಕಂತಾಯಿತು. ಈ ನಂದಿಯ ಮುಖ ದೇವಾಲಯದ ಆವರಣದಲ್ಲಿರುವ ಏಳು ಹೆಡೆಯ ನಾಗಲಿಂಗದ ಕಡೆಗಿದೆ. ನಂದಿಯ ಮುಂದೆ ನಿಂತು, ಅದು ನೋಡುತ್ತಿರುವ ದಿಕ್ಕಿಗೆ ನೀವೂ ತಿರುಗಿ ನೋಡಿದರೆ, ಶಿಲ್ಪಿಗಳು ಊರಿನ ಬಯಲನ್ನೇ ಒಂದು ವಿನ್ಯಾಸವಾಗಿ ಕಂಡಿದ್ದರೆಂದು ತಿಳಿಯುತ್ತದೆ.

ನಾಟ್ಯಮಂಟಪದಲ್ಲಿ ಒಂದು ಕಂಬ ನೆಲಕ್ಕೆ ಪೂರ್ತಿ ತಾಗಿಲ್ಲ. ಬಂದವರೆಲ್ಲ ಅದರ ಕೆಳಗೆ ಬಟ್ಟೆ ತೂರಿಸುವುದರಲ್ಲೇ ಮುಳುಗಿ, ಸುತ್ತಲಿನ ಕಂಬಗಳನ್ನು ಮರೆತುಬಿಡುತ್ತಾರೆ. ಅಲ್ಲಿ ಶಿವನ ನರ್ತನಕ್ಕೆ ಬ್ರಹ್ಮನು ಮೃದಂಗ ನುಡಿಸುತ್ತಾನೆ, ತುಂಬುರನಿದ್ದಾನೆ, ರಂಭೆಯಿದ್ದಾಳೆ, ಮೂರು ಕಾಲಿನ ಭೃಂಗಿಯಿದ್ದಾನೆ. ಒಂದೊಂದು ಕಂಬದ ಮುಂದೆಯೂ ನಿಂತು ಸಾಗಿದರೆ ಇಡೀ ಮೇಳವು ನಮ್ಮ ಸುತ್ತಲೇ ನೆರೆದಿರುವಂತೆ ಭಾಸವಾಗುತ್ತದೆ. ಛಾವಣಿಯಲ್ಲಿ ವರ್ಣಚಿತ್ರಗಳಿವೆ, ಅವುಗಳಲ್ಲಿ ವೀರಭದ್ರನ ಚಿತ್ರ ಬಹು ದೊಡ್ಡದು. ಹಳೆಯ ಬಣ್ಣಗಳಿಗೆ ಫ್ಲ್ಯಾಶ್ ಬೆಳಕು ತಕ್ಕುದಲ್ಲ, ಬಳಸಬಾರದು. ಹಿಂಬದಿಯ ಕಲ್ಯಾಣ ಮಂಟಪ ಅಪೂರ್ಣವಾಗಿಯೇ ಉಳಿದಿದೆ. ಅರ್ಧಕ್ಕೆ ನಿಂತ ಕಂಬಗಳಲ್ಲಿ ಕೆಲಸ ಹೇಗೆ ಸಾಗುತ್ತಿತ್ತೆಂಬುದು ಮುಗಿದ ಕಂಬಗಳಿಗಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಹೇಮಾವತಿ ಶಿರಾ ಸೀಮೆಗೆ ಹೊಂದಿಕೊಂಡ ಗಡಿಯಲ್ಲಿದೆ. ಹೆಂಜೇರು ಎಂಬ ಹಳೆಯ ಹೆಸರಿನ ಈ ಊರು ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಸಿದ್ಧೇಶ್ವರ ಗುಡಿಯಲ್ಲಿ ಶಿವನು ಲಿಂಗರೂಪದಲ್ಲಲ್ಲ, ಕುಳಿತ ಮಾನವರೂಪದಲ್ಲಿದ್ದಾನೆ. ನೊಳಂಬರ ಕಂಬಗಳ ನಯಗಾರಿಕೆ ಎಷ್ಟು ಹೆಸರಾಗಿತ್ತೆಂದರೆ ಚೋಳರು ಅವುಗಳನ್ನು ಇಲ್ಲಿಂದ ಹೊತ್ತೊಯ್ದರು; ಅವನ್ನು ತಂಜಾವೂರಿನ ಬಳಿಯ ತಿರುವೈಯಾರಿನ ದೇವಾಲಯದಲ್ಲಿ ಇಂದಿಗೂ ಕಾಣಬಹುದು. ತಮಿಳುನಾಡಿನ ಯಾತ್ರೆಗೆ ಹೋಗುವವರು ಅಲ್ಲಿ ನಮ್ಮ ಸೀಮೆಯ ಕಂಬವೊಂದನ್ನು ಗುರುತಿಸಿ ಬನ್ನಿರಿ.

ಕೋಲಾರದ ಕಡೆಗೆ ಪಯಣಿಸುವವರಿಗೆ ಆವನಿಯ ರಾಮಲಿಂಗೇಶ್ವರ ಗುಡಿಗಳು, ಕುರುಡುಮಲೆಯ ಏಕಶಿಲಾ ಗಣಪತಿ, ಕೋಲಾರಮ್ಮನ ಗುಡಿಯಲ್ಲಿರುವ ಯುದ್ಧಚಿತ್ರದ ಕಲ್ಲು ಒಂದೇ ದಿನದಲ್ಲಿ ಸಾಧ್ಯ.

ಊರ ಮುಂದಿನ ವೀರಗಲ್ಲು

ಇಲ್ಲಿಯವರೆಗೆ ಹೇಳಿದ್ದು ರಕ್ಷಿತ ಸ್ಥಳಗಳ ಮಾತು. ಅಲ್ಲಿ ಕಾವಲುಗಾರನಿದ್ದಾನೆ, ಫಲಕವಿದೆ. ನನ್ನ ಹೆಚ್ಚಿನ ಕಳವಳ ಕಾವಲಿಲ್ಲದ ಕಲ್ಲುಗಳ ಬಗ್ಗೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಅರಳಿಕಟ್ಟೆಯ ಪಕ್ಕ, ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತ ಶಿಲ್ಪದ ಕಲ್ಲುಗಳನ್ನು ನಾವೆಲ್ಲ ಕಂಡಿದ್ದೇವೆ. ಅವುಗಳಲ್ಲಿ ಬಹುಪಾಲು ವೀರಗಲ್ಲುಗಳು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಒಂದರ ಹಿಂದೊಂದು ತಲೆಯೆತ್ತಿದ ದನಗಳ ಸಾಲು. ದನಗಳಿದ್ದರೆ ಅದು ತುರುಗೋಳಿನ ಕಾಳಗ, ಅಂದರೆ ಊರ ಹಸುಗಳನ್ನು ಕದ್ದೊಯ್ಯುವವರನ್ನು ತಡೆದು ಸತ್ತವನ ಕಲ್ಲು. ನಡುವಿನ ಹಂತದಲ್ಲಿ ಅಪ್ಸರೆಯರು ವೀರನನ್ನು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ಪಕ್ಕದಲ್ಲಿ ನಂದಿ, ಮೇಲೆ ಸೂರ್ಯ ಚಂದ್ರರು. ಸೂರ್ಯ ಚಂದ್ರರಿರುವತನಕ ಈ ನೆನಪು ಉಳಿಯಲಿ ಎಂಬುದು ಅದರ ಅರ್ಥ. ಬಳೆ ತೊಟ್ಟ ಕೈಯೊಂದು ಕಂಬದಿಂದ ಹೊರಟು ಮೇಲೆತ್ತಿದಂತಿದ್ದರೆ ಅದು ಮಾಸ್ತಿಕಲ್ಲು, ಪತಿಯೊಡನೆ ಸಹಗಮನ ಮಾಡಿದ ಹೆಣ್ಣಿನ ಸ್ಮಾರಕ. ಆ ಆಚರಣೆ ಇಲ್ಲವಾದುದು ಲೇಸೇ ಆಯಿತು. ಆದರೆ ಆ ಕೈಯ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗಲು ಮನಸ್ಸು ಬಾರದು.

ಇಂತಹ ಕಲ್ಲುಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು ಮಂಡ್ಯ ಜಿಲ್ಲೆಯ ಆತಕೂರಿನದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ಬೂತುಗನು ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ನಾಯಿಯೂ ಹಂದಿಯೂ ಪರಸ್ಪರ ಎರಗಿರುವ ಚಿತ್ರ ಆ ಕಲ್ಲಿನ ಮೇಲಿದೆ. ಅದೇ ಸಂಗ್ರಹಾಲಯದಲ್ಲಿ ಬೇಗೂರಿನ ಯುದ್ಧದ ವೀರಗಲ್ಲೂ ಇದೆ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಆ ಕಲ್ಲಿಗೆ ಒಂದು ಗಂಟೆ ಕೊಟ್ಟರೂ ಸಾಲದು.

ಇನ್ನೊಂದು ನಿದರ್ಶನ ತೀರ ಇತ್ತೀಚಿನದು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಲ್ಲೊಂದು ಮೇಲೆ ಬಂದಿತು. ಓದಿ ನೋಡಿದಾಗ ಅದು ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬ ವೀರನ ಕಲ್ಲು. ಬೆಂಗಳೂರು ನಗರದಲ್ಲಿ ದೊರೆತ ಅತಿ ಪ್ರಾಚೀನ ಕನ್ನಡ ಶಾಸನಗಳಲ್ಲಿ ಒಂದು. ಆಸಕ್ತ ನಾಗರಿಕರು ಗಮನಿಸಿದ್ದರಿಂದ ಅದು ಉಳಿಯಿತು. ಸ್ಥಳೀಯರೂ ಕೈಗೂಡಿಸಿ ಅದಕ್ಕೊಂದು ಮಂಟಪ ಕಟ್ಟಿದರು. ಯಾರೂ ಗಮನಿಸದಿದ್ದರೆ ಅದು ಚರಂಡಿಯ ಚಪ್ಪಡಿಯಾಗುತ್ತಿತ್ತು. ರಸ್ತೆ ಅಗಲವಾಗುವಾಗ, ಗುಡಿ ಜೀರ್ಣೋದ್ಧಾರವಾಗುವಾಗ ನಮ್ಮ ಹಳ್ಳಿಗಳಲ್ಲಿ ಎಷ್ಟು ಕಲ್ಲುಗಳು ಹಾಗೆ ತಳಪಾಯ ಸೇರಿದವೋ!

ವಿದುರಾಶ್ವತ್ಥದ ನಾಗರಕಲ್ಲುಗಳನ್ನೂ ಇಲ್ಲಿಯೇ ನೆನೆಯಬೇಕು. ಗೌರಿಬಿದನೂರು ತಾಲ್ಲೂಕಿನ ಈ ಕ್ಷೇತ್ರದಲ್ಲಿ ಹರಕೆಗಾಗಿ ನಿಲ್ಲಿಸಿದ ನಾಗರಕಲ್ಲುಗಳು ಸಾಲುಸಾಲಾಗಿವೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ. ನಿಧಾನವಾಗಿ ನಡೆದರೆ ಒಂದರಲ್ಲಿ ಒಂಟಿ ನಾಗ, ಇನ್ನೊಂದರಲ್ಲಿ ಹೆಣೆದುಕೊಂಡ ಜೋಡಿ, ಹೆಣಿಗೆಯ ನಡುವೆ ಚಿಕ್ಕ ಲಿಂಗ. ಸುರುಳಿಗಳ ಎಣಿಕೆಯಲ್ಲೂ ಹೆಡೆಯ ಬಾಗಿನಲ್ಲೂ ಒಬ್ಬೊಬ್ಬ ಕುಶಲಕರ್ಮಿಯ ಕೈ ಬೇರೆ. ಇದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗೋಲಿಬಾರ್ ನಡೆಯಿತು. ಮಡಿದವರ ನೆನಪಿಗೆ ಸ್ತೂಪವೂ ವೀರಸೌಧವೂ ಇವೆ. ಸ್ತೂಪವನ್ನು ನೋಡುವಾಗ ಮೇಲೆ ಹೇಳಿದ ವೀರಗಲ್ಲಿನ ನೆನಪಾಗದಿರದು. ಊರಿಗಾಗಿ ಸತ್ತವರಿಗೆ ಕಲ್ಲು ನಿಲ್ಲಿಸುವ ರೂಢಿ ಸಾವಿರ ವರ್ಷ ಕಳೆದರೂ ಬಿಟ್ಟುಹೋಗಿಲ್ಲ.

ಹೊಸ ಮೂರ್ತಿಗಳು

ಹೆದ್ದಾರಿಯಲ್ಲಿ ಸಾಗುವವರ ಕಣ್ಣಿಗೆ ಈಗ ಮೊದಲು ಬೀಳುವುದು ಭಾರೀ ಮೂರ್ತಿಗಳು. ದೇವನಹಳ್ಳಿಯ ವಿಮಾನ ನಿಲ್ದಾಣದ ಆವರಣದಲ್ಲಿ 108 ಅಡಿಯ ಕೆಂಪೇಗೌಡರ ಕಂಚಿನ ಪ್ರತಿಮೆ 2022ರ ನವೆಂಬರ್ 11ರಂದು ಅನಾವರಣಗೊಂಡಿತು. ಶಿಲ್ಪಿ ರಾಮ್ ಸುತಾರ್. ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿಯ ಮುಖಪ್ರತಿಮೆ 2023ರ ಜನವರಿ 15ರಂದು ಅನಾವರಣಗೊಂಡಿತು. ಸಾಗರದಾಚೆ ನೆಲೆಸಿದ ಭಕ್ತರು ಲಂಡನ್ನಿಗೆ ಹೋದರೆ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪುತ್ಥಳಿಯನ್ನು ನೋಡಬಹುದು. ಅದು ಗಾತ್ರದಲ್ಲಿ ಚಿಕ್ಕದು. ನೋಡುವವನ ಹತ್ತಿರಕ್ಕೆ ಬರುತ್ತದೆ.

ಎತ್ತರವನ್ನು ಅಡಿಗಳಲ್ಲಿ ಹೇಳಿ ಮುಗಿಸುವುದು ಶಿಲ್ಪವನ್ನು ನೋಡಿದಂತಾಗಲಾರದು. ದೊಡ್ಡ ಮೂರ್ತಿಯನ್ನು ಮೂರು ದೂರಗಳಿಂದ ನೋಡಿರಿ. ಬಹು ದೂರದಿಂದ ಅದರ ಹೊರಗೆರೆ ಆಕಾಶದ ಎದುರು ಹೇಗಿದೆ, ನಡುದೂರದಿಂದ ಅಂಗಾಂಗಗಳ ಹೊಂದಾಣಿಕೆ ಹೇಗಿದೆ, ಪಾದದ ಬಳಿಯಿಂದ ಏನಾಗುತ್ತದೆ. ಕೆಳಗಿನಿಂದ ನೋಡುವವನಿಗೆ ತಲೆ ಚಿಕ್ಕದಾಗಿ ಕಾಣುವುದರಿಂದ ಬಲ್ಲ ಶಿಲ್ಪಿಯು ಮೇಲ್ಭಾಗವನ್ನು ತುಸು ಹಿಗ್ಗಿಸುತ್ತಾನೆ. ಶ್ರವಣಬೆಳಗೊಳದ ಸುಮಾರು 58 ಅಡಿಯ ಗೊಮ್ಮಟನನ್ನು ಈ ಮೂರು ದೂರಗಳಿಂದಲೂ ನೋಡಿದವರಿಗೆ ಉಳಿದ ಎಲ್ಲ ಭಾರೀ ಮೂರ್ತಿಗಳನ್ನು ಅಳೆಯುವ ಕೋಲು ಸಿಕ್ಕಂತೆ.

ಮೂರ್ತಿ ಹುಟ್ಟುವುದನ್ನೇ ನೋಡಬೇಕೆನ್ನುವವರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಬೇಕು. ತಲೆಮಾರುಗಳಿಂದ ಕಲ್ಲಿನ ಕೆಲಸವನ್ನೇ ನಂಬಿದ ಊರು ಅದು. ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು ದೇಹವನ್ನು ಅದರ ಪ್ರಮಾಣದಲ್ಲಿ ಗುರುತಿಸುವುದು, ಒರಟು ಕಲ್ಲನ್ನು ಮೊದಲು ಚೌಕವಾಗಿ, ಆಮೇಲೆ ದುಂಡಗೆ ಇಳಿಸುವುದು, ಕಟ್ಟಕಡೆಗೆ ಕಣ್ಣು ಬಿಡಿಸುವುದು, ಇವನ್ನೆಲ್ಲ ಕಣ್ಣಾರೆ ಕಾಣಬಹುದು. ಈಗ ಯಂತ್ರದ ಗರಗಸ ಬಂದು ಕೆಲಸ ಬೇಗ ಸಾಗುತ್ತದೆ, ಧೂಳು ಮಾತ್ರ ಹೆಚ್ಚಿದೆ. ಅವರಿಗೆ ಹೊತ್ತಿದ್ದಾಗ ಮಾತಾಡಿಸಿರಿ, ಬೆಲೆ ಕೇಳುವ ಮುನ್ನ ಕಲ್ಲು ಎಲ್ಲಿಂದ ಬಂತೆಂದು ಕೇಳಿರಿ.

ನೋಡುವವರು ಪಾಲಿಸಬೇಕಾದುದು

ಶಿಲ್ಪಕ್ಕೆ ಕೈ ಒರೆಸಬಾರದು. ಬೆವರು, ಎಣ್ಣೆ ಕಲ್ಲಿಗಿಳಿಯುತ್ತವೆ. ಪೂಜೆಯಿಲ್ಲದ ಗೋಡೆಯ ಮೂರ್ತಿಗಳಿಗೆ ಕುಂಕುಮ, ಕರ್ಪೂರ ಬೇಡ. ಜೀರ್ಣೋದ್ಧಾರ ಸಮಿತಿಗಳಲ್ಲಿರುವ ಭಕ್ತರಲ್ಲಿ ವಿಶೇಷ ವಿನಂತಿ: ಹಳೆಯ ಕಲ್ಲಿಗೆ ಎನಾಮೆಲ್ ಬಣ್ಣ ಬಳಿಯಬೇಡಿರಿ, ಮರಳು ಸಿಡಿಸಿ ತೊಳೆಸಬೇಡಿರಿ. ಬಣ್ಣವು ಉಳಿಯ ಗೆರೆಯನ್ನು ಮುಚ್ಚಿ, ತೇವವನ್ನು ಒಳಗೇ ಹಿಡಿದಿಡುತ್ತದೆ. ಮರಳು ಆ ಗೆರೆಯನ್ನೇ ಅಳಿಸುತ್ತದೆ. ಭಕ್ತಿಯಿಂದಲೇ ಮಾಡಿದ ಈ ಕೆಲಸದಿಂದ ದಾಳಿಕೋರರಿಂದ ಆದಷ್ಟೇ ಹಾನಿ ಕೆಲವೆಡೆ ಆಗಿದೆಯೆಂದರೆ ಅತಿಶಯೋಕ್ತಿಯಾಗದು. ನಂದಿಯ ಕೆಳಗೆ ನಿಧಿಯಿದೆಯೆಂದು ಅಗೆಯುವ ದುರುಳರ ವಿಷಯವಂತೂ ಎಲ್ಲರಿಗೂ ಗೊತ್ತಿದೆ. ಹೂತ ನಿಧಿ ಸಿಕ್ಕರೆ ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ.

ನಿಮ್ಮೂರಿನ ಕಲ್ಲು ಯಾವುದೆಂದು ತಿಳಿಯಲು ಒಂದು ಒಳ್ಳೆಯ ದಾರಿಯಿದೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು, ಪ್ರಕಟವಾದುದು 1905ರಲ್ಲಿ. ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾದುದು 2007ರಲ್ಲಾದ್ದರಿಂದ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಶಾಸನಗಳು ಆ ಸಂಪುಟದಲ್ಲಿಯೇ ಇವೆ. ಊರಿನ ಹೆಸರು, ಕಲ್ಲು ನಿಂತ ಜಾಗ, ಶಾಸನಪಾಠ ಎಲ್ಲವೂ ಅಲ್ಲಿ ಸಿಗುತ್ತವೆ. ನಿಮ್ಮ ಊರಿನ ನಮೂದನ್ನು ಹುಡುಕಿ, ಆ ಜಾಗಕ್ಕೆ ಹೋಗಿ, ಕಲ್ಲು ಇನ್ನೂ ಅಲ್ಲಿದೆಯೇ ಎಂದು ನೋಡಿರಿ. ಇದ್ದರೆ ಎತ್ತರ, ಅಗಲ ಅಳೆದು, ಸುತ್ತಲೂ ಚಿತ್ರ ತೆಗೆದು, ಸರ್ವೆ ನಂಬರಿನೊಡನೆ ಗ್ರಾಮ ಪಂಚಾಯಿತಿಗೂ ರಾಜ್ಯದ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೂ ಬರೆದು ತಿಳಿಸಿರಿ. ಇಲ್ಲವಾಗಿದ್ದರೆ ಅದನ್ನೂ ಬರೆದು ತಿಳಿಸಿರಿ. ಅಕ್ಷರ ಕಾಣದಿದ್ದಾಗ ಸೀಮೆಸುಣ್ಣ ತಿಕ್ಕುವುದಾಗಲಿ, ಮೊಳೆಯಿಂದ ಕೆರೆಯುವುದಾಗಲಿ ಕೂಡದು. ತುಸು ನೀರು ಚಿಮುಕಿಸಿ, ಬೆಳಗಿನ ಓರೆ ಬಿಸಿಲಿಗೆ ಕಾದರೆ ಬಹುಪಾಲು ಅಕ್ಷರಗಳು ಓದಲು ಸಿಗುತ್ತವೆ.